ಹರಿಹರದ ಹದಿನಾಲ್ಕು ಕಮಾನಿನ ಸೇತುವೆ



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಚಿಕೆ ಸಮಿತಿಯವರು ನಮಗೆ ಒತ್ತಾಯ ಮಾಡಿದರು. ನಾವು ಎಸ್.ಎಸ್.ಎಲ್.ಸಿ. ತನಕ ಓದಿ ಒಕ್ಕಲುತನ ಹಿಡಿದವರು. ಸಂಘದ ಡೈರೆಕ್ಟರ್ ಅಂತ ಸಹಿ ಮಾಡಿ ರೂಢಿ ಇದೆಯೇ ಹೊರತು ಲೇಖನ ಬರೆದು ರೂಢಿ ಇಲ್ಲ. ಶೇರು ಎಷ್ಟು, ಸಾಲ ಎಷ್ಟು, ವಸೂಲಿ ಎಷ್ಟು ಎಂಬುದನ್ನು ಕಾರ್ಯದರ್ಶಿಯವರು ತಮ್ಮ ವರದಿಯಲ್ಲಿ ಬರೆದೇ ಬರೆದಿರುತ್ತಾರೆ. ಅದನ್ನೇ ನಾವೂ ಬರೆದರೆ ಓದುವವರಿಗೆ ಬೇಸರ. ಆದ್ದರಿಂದ ಒಂದು ಸೇತುವೆಯ ಇತಿಹಾಸ ಬರೆಯಲು ಮನಸ್ಸು ಮಾಡಿದೆವು.

ಸಂಘದ ಬೆಳ್ಳಿ ಹಬ್ಬಕ್ಕೂ ಸೇತುವೆಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧ ಇದೆ. ನಮ್ಮ ಸಂಘದ ವ್ಯಾಪ್ತಿ ಎರಡು ಊರಿನದು. ನಡುವೆ ಬೆಣ್ಣಿಹಳ್ಳಕ್ಕೆ ಹೋಗಿ ಕೂಡುವ ಹಳ್ಳ ಹರಿಯುತ್ತದೆ. ಹೋದ ಮಹಾಸಭೆಯಲ್ಲಿ "ಹಳ್ಳದ ಆಚಿಗೆ ಬ್ಯಾರೆ ಸಂಘ ಮಾಡಿಕೊಡ್ರಿ, ನಮಗ ನಿಮ್ಮ ಕೂಡ ಸಾಕಾಗೇತಿ" ಎಂಬ ಮಾತು ಎದ್ದದ್ದು ಎಲ್ಲರಿಗೂ ಗೊತ್ತೇ ಇದೆ. ಅಂದು ಮನೆಗೆ ಬಂದ ಮೇಲೆ ನಮಗೆ ನೆನಪಾದದ್ದು ಹರಿಹರದ ಸೇತುವೆ. ಯಾಕೆ ಎಂಬುದನ್ನು ಕಡೆಗೆ ಹೇಳುತ್ತೇವೆ. ಮೊದಲು ಸೇತುವೆಯ ಕಥೆ ಕೇಳಿರಿ.

ಶಾಲೆಯ ಪ್ರವಾಸ

ನಾವು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಶಾಲೆಯಿಂದ ಚಿತ್ರದುರ್ಗದ ಕೋಟೆಗೆ ಪ್ರವಾಸ ಹೋಗಿದ್ದೆವು. ಕೆಂಪು ಬಸ್ಸು, ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ. ದಾರಿಯಲ್ಲಿ ಹರಿಹರದಲ್ಲಿ ಇಳಿದು ಹರಿಹರೇಶ್ವರ ಗುಡಿ ನೋಡಿದೆವು. ಹೊಯ್ಸಳರ ದಂಡನಾಯಕ ಪೋಲಾಳ್ವ ಎಂಬುವನು 1224ರಲ್ಲಿ ಕಟ್ಟಿಸಿದ ಗುಡಿ ಅದು. ಅರ್ಧ ಹರಿ, ಅರ್ಧ ಹರ, ಒಂದೇ ಮೂರ್ತಿ. ಗುಡಿ ನೋಡಿದ ಮೇಲೆ ನಮ್ಮ ಗುರುಗಳು ಹೊಳೆ ದಂಡೆಗೆ ಕರೆದುಕೊಂಡು ಹೋಗಿ ಹಳೆಯ ಸೇತುವೆ ತೋರಿಸಿ, "ಎಷ್ಟು ಅದಾವ ಎಣಿಸ್ರಿ ನೋಡೋಣು" ಎಂದರು.

ಅರ್ಧ ಹುಡುಗರು 14 ಎಂದರು, ಅರ್ಧ ಹುಡುಗರು 13 ಎಂದರು. ನಾವು 13ರ ಕಡೆಯವರು. ಜಗಳ ಜೋರಾಯಿತು. ಆಗ ಗುರುಗಳು ನಕ್ಕು, "ಇಬ್ಬರೂ ಖರೇನ ಅದೀರಿ. ಹದಿನಾಲ್ಕು ಅಂದಾವ ಕಮಾನು ಎಣಿಸ್ಯಾನ. ಹದಿಮೂರು ಅಂದಾವ ಹೊಳಿಯೊಳಗ ನಿಂತ ಕಂಬ ಎಣಿಸ್ಯಾನ" ಎಂದರು. ಆ ಮಾತು ಇಷ್ಟು ವರ್ಷವಾದರೂ ನಮ್ಮ ತಲೆಯಲ್ಲಿ ಉಳಿದಿದೆ. ಒಂದೇ ಸೇತುವೆ. ದಾಟುವ ಜಾಗ ನೋಡಿದವನಿಗೆ ಒಂದು ಲೆಕ್ಕ, ಅಡ್ಡ ನಿಂತ ಕಂಬ ನೋಡಿದವನಿಗೆ ಇನ್ನೊಂದು ಲೆಕ್ಕ.

ಸೇತುವೆ ಇಲ್ಲದ ಕಾಲ

ತುಂಗಾ ಮತ್ತು ಭದ್ರಾ ಎರಡೂ ಹೊಳೆಗಳು ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ ಹುಟ್ಟುತ್ತವೆ. ಬೇರೆ ಬೇರೆ ದಾರಿ ಹಿಡಿದು ಹರಿದು ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಒಂದಾಗಿ ತುಂಗಭದ್ರೆ ಆಗುತ್ತವೆ. ಹರಿಹರದಲ್ಲಿ ಸೂಳೆಕೆರೆ ಕಡೆಯಿಂದ ಬರುವ ಹರಿದ್ರಾ ಹೊಳೆಯೂ ಬಂದು ಸೇರುತ್ತದೆ. ನಮ್ಮ ಎರಿ ಸೀಮೆಯಲ್ಲಿ ಮಳೆ ಬಿದ್ದರೆ ಹಳ್ಳ ಬರುತ್ತದೆ, ನಿಂತರೆ ಹಳ್ಳ ಇಳಿಯುತ್ತದೆ. ಅಲ್ಲಿ ಹಾಗಲ್ಲ. ಹರಿಹರದಲ್ಲಿ ಒಂದು ಹನಿ ಬೀಳದಿದ್ದರೂ ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ಹೊಳೆ ದಂಡೆ ತುಂಬಿ ಬರುತ್ತದೆ. ಭದ್ರೆಗೆ ಲಕ್ಕವಳ್ಳಿ ಹತ್ತಿರ, ತುಂಗೆಗೆ ಗಾಜನೂರಿನಲ್ಲಿ ಈಗ ಅಣೆಕಟ್ಟುಗಳಿವೆ. ಅವು ಆಗುವ ಮುಂಚೆ ಮಿರಗದ ಮಳೆಯಿಂದ ಹಿಡಿದು ದಸರೆ ತನಕ ಹೊಳೆಯದೇ ರಾಜ್ಯ.

ಬೇಸಿಗೆಯಲ್ಲಿ ಚಕ್ಕಡಿ ಇಳಿಸಿ ದಾಟಬಹುದಿತ್ತು. ಮಳೆಗಾಲದಲ್ಲಿ ಹರಿಗೋಲೇ ಗತಿ. ಬಿದಿರಿನ ದುಂಡನೆ ಬುಟ್ಟಿಗೆ ಹೊರಗೆ ತೊಗಲು ಹೊಲಿದದ್ದೇ ಹರಿಗೋಲು. ಅದರಲ್ಲಿ ಮನುಷ್ಯರು ಕೂಡಬಹುದು, ಗಂಟು ಮೂಟೆ ಹಾಕಬಹುದು. ಚಕ್ಕಡಿ ದಾಟಿಸಬೇಕಾದರೆ ಗಾಲಿ ಬಿಚ್ಚಬೇಕು. ಎತ್ತುಗಳು ಈಜಬೇಕು. ಕಾಳಿನ ಚೀಲ ತೊಯ್ದರೆ ಮೊಳಕೆ, ಹತ್ತಿ ತೊಯ್ದರೆ ಕಸ.

ಈ ಹೊಳೆ ದೊಡ್ಡ ದೊಡ್ಡ ದಂಡನ್ನೂ ನಿಲ್ಲಿಸಿದೆ. 1800ರಲ್ಲಿ ಧೋಂಡಿಯಾ ವಾಘ ಎಂಬ ಬಂಡುಗಾರನನ್ನು ಬೆನ್ನಟ್ಟಿ ಇಂಗ್ಲಿಷರ ಸೇನಾಪತಿ ಆರ್ಥರ್ ವೆಲ್ಲೆಸ್ಲಿ ಮೈಸೂರು ಕಡೆಯಿಂದ ಹರಿಹರಕ್ಕೆ ಬಂದ. ಜೂನ್ ತಿಂಗಳು, ಹೊಳೆ ತುಂಬಿತ್ತು. ಸಿಪಾಯಿಗಳು, ತೋಪು, ದನಕರು, ದವಸ ಎಲ್ಲ ಆಚೆ ದಂಡೆ ಸೇರಲು ದಿನಗಟ್ಟಲೆ ಹಿಡಿಯಿತು. ದಾಟಿದ ಮೇಲೆ ಐರಣಿ ಕೋಟೆ, ರಾಣೆಬೆನ್ನೂರು ಹಿಡಿದುಕೊಂಡು, ಸವಣೂರಿನ ಮೇಲಿಂದ ಜುಲೈ ನಡುವಿನ ಹೊತ್ತಿಗೆ ಎಲ್ಲಿಗೆ ಬಂದ ಗೊತ್ತೇ? ನಮ್ಮ ಕುಂದಗೋಳಕ್ಕೆ. ಕುಂದಗೋಳದ ಕೋಟೆಯನ್ನು ಅವನ ದಂಡು ಏಣಿ ಹಾಕಿ ಹತ್ತಿ ಗೆದ್ದುಕೊಂಡಿತು. ಸೆಪ್ಟೆಂಬರ್‌ನಲ್ಲಿ ಧೋಂಡಿಯಾ ಕಾಳಗದಲ್ಲಿ ಸತ್ತ. ಅದೇ ವೆಲ್ಲೆಸ್ಲಿ ಮುಂದೆ 1815ರಲ್ಲಿ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ. ಅಂಥವನನ್ನೂ ಹರಿಹರದಲ್ಲಿ ದಂಡೆಯ ಮೇಲೆ ಕೂಡ್ರಿಸಿದ ಹೊಳೆ ಇದು.

ಸೇತುವೆ ಕಟ್ಟಿದ್ದು ಹೇಗೆ

1818ರಲ್ಲಿ ಪೇಶವೆಯರ ಆಳಿಕೆ ಮುಗಿದು ಧಾರವಾಡ ಸೀಮೆ ಇಂಗ್ಲಿಷರ ಕೈಗೆ ಬಂತು. ಮುಂದೆ ಅದು ಮುಂಬಯಿ ಇಲಾಖೆಯ ಒಂದು ಜಿಲ್ಲೆ ಆಯಿತು. ಹೊಳೆಯ ಆಚೆ ಮೈಸೂರು. ಅಲ್ಲಿ 1831ರಿಂದ 1881ರ ತನಕ ಮಹಾರಾಜರ ಬದಲು ಇಂಗ್ಲಿಷ್ ಕಮಿಷನರುಗಳೇ ಕಾರಭಾರ ನಡೆಸಿದರು. ಪುಣೆಯಿಂದ ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಹಾವೇರಿ, ರಾಣೆಬೆನ್ನೂರು ಹಾದು ಬೆಂಗಳೂರಿಗೆ ಹೋಗುವ ದೊಡ್ಡ ರಸ್ತೆ ಹರಿಹರದ ಹತ್ತಿರ ಹೊಳೆಗೆ ಬಂದು ಕಡಿದುಹೋಗುತ್ತಿತ್ತು. ಆ ಕಡಿದ ಜಾಗ ಕೂಡಿಸಿದ್ದೇ ಈ ಸೇತುವೆ. ಕೆಲಸ ಮುಗಿದದ್ದು 1868ರಲ್ಲಿ. ಮೈಸೂರಿನ ಕಮಿಷನರ್ ಆಗ ಲೆವಿನ್ ಬೌರಿಂಗ್. ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ. ಬೆಂಗಳೂರಿನಲ್ಲಿ ಬೌರಿಂಗ್ ಆಸ್ಪತ್ರೆ, ಸ್ಯಾಂಕಿ ಕೆರೆ ಎಂದು ಕೇಳಿರುತ್ತೀರಿ. ಅವೆರಡೂ ಇವರ ಹೆಸರಿನವೇ.

ಸೇತುವೆಗೆ ಕಲ್ಲು ಮತ್ತು ಇಟ್ಟಂಗಿಯ 14 ಕಮಾನು. ಒಂದೊಂದರ ಅಗಲ 60 ಅಡಿ. ಹದಿನಾಲ್ಕು ಅರವತ್ತಲೆ 840 ಅಡಿ. ಇದು ನೀರು ಹಾಯಲು ಬಿಟ್ಟ ತೆರಪಿನ ಲೆಕ್ಕ ಮಾತ್ರ. ಕಂಬಗಳ ದಪ್ಪ ಕೂಡಿಸಿದರೆ ಇನ್ನೂ ಹೆಚ್ಚು. ಖರ್ಚು ಆಗಿನ ಕಾಲದ ಸುಮಾರು 3 ಲಕ್ಷ ರೂಪಾಯಿ.

ಈ ಕಮಾನುಗಳು ಪೂರ್ತಿ ಅರ್ಧ ಚಂದ್ರನ ಹಾಗೆ ಇಲ್ಲ, ಮೇಲಿಂದ ಸ್ವಲ್ಪ ಒತ್ತಿದ ಹಾಗೆ ಮೊಟ್ಟೆಯಾಕಾರ ಇವೆ. ಇದಕ್ಕೆ ಕಾರಣ ಉಂಟು. 60 ಅಡಿ ಅಗಲಕ್ಕೆ ಅರ್ಧ ವರ್ತುಳ ತೆಗೆದರೆ ಕಮಾನು 30 ಅಡಿ ಎತ್ತರ ಏರುತ್ತದೆ. ರಸ್ತೆಯೂ ಅಷ್ಟೇ ಏರಬೇಕು. ತುಂಬಿದ ಚಕ್ಕಡಿ ಆ ಏರು ಹತ್ತುವಾಗ ಎತ್ತಿನ ಗತಿ ಏನು? ಒತ್ತಿದ ಕಮಾನು ತೆಗೆದರೆ ನೀರಿಗೂ ಬೇಕಾದಷ್ಟು ದಾರಿ ಸಿಗುತ್ತದೆ, ರಸ್ತೆಯೂ ತಗ್ಗಿನಲ್ಲಿ ಸಪಾಟಾಗಿ ಹೋಗುತ್ತದೆ. ಎತ್ತಿನ ಕುತ್ತಿಗೆ ನೋಡಿ ಹಾಕಿದ ಲೆಕ್ಕ ಎಂದು ನಾವು ಒಕ್ಕಲಿಗರು ತಿಳಿದುಕೊಳ್ಳಬಹುದು.

ಆಗಿನ ಕಟ್ಟೋಣಕ್ಕೆ ಇಂದಿನಂತೆ ಸಿಮೆಂಟು, ಕಬ್ಬಿಣದ ಸಳಿ ಇರಲಿಲ್ಲ. ಸುಣ್ಣ ಮತ್ತು ಉಸುಕನ್ನು ಗಾಣಕ್ಕೆ ಹಾಕಿ, ಎತ್ತು ಕಟ್ಟಿ ತಿರುವಿ, ನುಣ್ಣಗೆ ಅರೆದ ಗಚ್ಚಿನಿಂದ ಕಟ್ಟುತ್ತಿದ್ದರು. ಇಂಥ ಹೊಳೆಯೊಳಗೆ ಬುನಾದಿ ಕೆಲಸ ನಡೆಯುವುದು ನೀರು ಇಳಿದ ಬೇಸಿಗೆಯಲ್ಲಿ ಮಾತ್ರ. ಕಂಬ ಎದ್ದ ಮೇಲೆ ಎರಡು ಕಂಬದ ನಡುವೆ ಕಮಾನಿನ ಆಕಾರಕ್ಕೆ ಕಟ್ಟಿಗೆಯ ಚೌಕಟ್ಟು ನಿಲ್ಲಿಸುತ್ತಾರೆ. ಅದರ ಮೇಲೆ ಎರಡೂ ಬದಿಯಿಂದ ಕಟ್ಟುತ್ತಾ ಬಂದು ನಡುನೆತ್ತಿಯಲ್ಲಿ ಕಡೇ ಕಲ್ಲು ಕೂಡ್ರಿಸುತ್ತಾರೆ. ಗಚ್ಚು ಬಲಿತ ಮೇಲೆ ಕಟ್ಟಿಗೆ ತೆಗೆಯುತ್ತಾರೆ. ಆಗ ಕಮಾನು ತನ್ನಷ್ಟಕ್ಕೆ ತಾನೇ ನಿಲ್ಲುತ್ತದೆ.

ಕಮಾನಿನ ಗುಟ್ಟು ಇಷ್ಟೇ. ಯಾವ ಕಲ್ಲೂ ತಾನೊಬ್ಬನೇ ಭಾರ ಹೊರುವುದಿಲ್ಲ, ಮಗ್ಗಲಿನ ಕಲ್ಲಿಗೆ ಒರಗಿಕೊಳ್ಳುತ್ತದೆ. ಅದು ಇನ್ನೊಂದಕ್ಕೆ ಒರಗುತ್ತದೆ. ಹೀಗೆ ಭಾರ ಸರಿದು ಸರಿದು ಕಂಬಕ್ಕೆ ಬರುತ್ತದೆ. ಕಂಬಕ್ಕೆ ಒಂದು ಕಡೆಯಿಂದ ಒಂದು ಕಮಾನು ನೂಕುತ್ತದೆ, ಇನ್ನೊಂದು ಕಡೆಯಿಂದ ಇನ್ನೊಂದು ಕಮಾನು ಅಷ್ಟೇ ಬಲದಿಂದ ನೂಕುತ್ತದೆ. ಎರಡೂ ಸರಿಸಮ ಇರುವುದರಿಂದ ಕಂಬ ಅಲುಗದೆ ನಿಲ್ಲುತ್ತದೆ. ನಡುವಿನ ಒಂದು ಕಮಾನು ಬಿತ್ತೆಂದರೆ, ಪಕ್ಕದ ಕಮಾನಿನ ನೂಕು ತಡೆಯುವವರು ಯಾರೂ ಇಲ್ಲದೆ ಕಂಬ ವಾಲಿ ಅದೂ ಬೀಳುವ ಭಯ ಇರುತ್ತದೆ. ಆದ್ದರಿಂದ ಹದಿನಾಲ್ಕರಲ್ಲಿ ಒಂದನ್ನು ಬಿಟ್ಟು ಹದಿಮೂರನ್ನು ಇಟ್ಟುಕೊಳ್ಳುತ್ತೇವೆ ಎನ್ನುವ ಹಾಗಿಲ್ಲ.

ಹತ್ತಿ, ಬರ ಮತ್ತು ರೈಲು

ಸೇತುವೆ ಆದ ಕಾಲ ನಮ್ಮ ಸೀಮೆಯ ಹತ್ತಿಗೆ ಜಗತ್ತಿನಲ್ಲೇ ಹೆಸರು ಬಂದ ಕಾಲ. 1861ರಿಂದ 1865ರ ತನಕ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತುಹೋಯಿತು. ಆಗ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಗದಗ ಕಡೆಯ ಎರಿ ಹೊಲದ ಹತ್ತಿಗೆ ಬಂಗಾರದ ರೇಟು ಬಂತು. ಈ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅದಕ್ಕೇ ನಮ್ಮ ಜವಾರಿ ಹತ್ತಿಗೆ ಪೇಟೆಯಲ್ಲಿ "ಕುಮಟಾ" ಎಂಬ ಹೆಸರೇ ಬಿತ್ತು. ಯುದ್ಧ ಮುಗಿದ ಕೂಡಲೇ ರೇಟು ಧೊಪ್ಪನೆ ಬಿತ್ತು. ಏರಿದ್ದು ಇಳಿಯುತ್ತದೆ ಎಂಬ ಪಾಠ ಈಗಿನ ಮೆಣಸಿನಕಾಯಿ, ಉಳ್ಳಾಗಡ್ಡಿ ರೇಟು ನೋಡಿದವರಿಗೆ ಹೊಸದಲ್ಲ. ಸೇತುವೆ ಆದ ಮೇಲೆ ಪಡುವಣದ ಬಂದರಿನ ದಾರಿ ಒಂದೇ ಅಲ್ಲದೆ ತೆಂಕಣದ ದಾವಣಗೆರೆ, ಚಿತ್ರದುರ್ಗದ ಪೇಟೆ ದಾರಿಯೂ ನಮ್ಮ ಚಕ್ಕಡಿಗಳಿಗೆ ಮಳೆಗಾಲದಲ್ಲೂ ತೆರೆಯಿತು.

ಆದರೆ ಸೇತುವೆ ಇದ್ದರೆ ಎಲ್ಲ ಆಯಿತು ಅಂತಲೂ ಅಲ್ಲ. ಎಂಟೇ ವರ್ಷಕ್ಕೆ, 1876ರಲ್ಲಿ, ಧಾತು ಸಂವತ್ಸರದ ಬರ ಬಂತು. ಮುಂಗಾರು ಹಿಂಗಾರು ಎರಡೂ ಕೈಕೊಟ್ಟವು. 1878ರ ತನಕ ಅದರ ಏಟು ಇತ್ತು. ಧಾರವಾಡ ಜಿಲ್ಲೆಯೂ ನರಳಿತು, ಮೈಸೂರು ಸೀಮೆಯೂ ನರಳಿತು. 1871ರ ಜನಗಣತಿಯಲ್ಲಿ ಮೈಸೂರಿನಲ್ಲಿ 50 ಲಕ್ಷ ಮೀರಿ ಜನ ಇದ್ದರು. 1881ರ ಗಣತಿಯಲ್ಲಿ ಸಿಕ್ಕವರು 42 ಲಕ್ಷದ ಒಳಗೆ. ಹೊಳೆಗೆ ಸೇತುವೆ ಇತ್ತು, ಆದರೆ ಮೇವಿಲ್ಲದೆ ಎತ್ತು ಸತ್ತಿದ್ದವು, ಚಕ್ಕಡಿ ಎಳೆಯುವವರು ಇರಲಿಲ್ಲ. ಎರಡೂ ದಂಡೆಯಲ್ಲಿ ಕಾಳೇ ಇಲ್ಲದಾಗ ಯಾರು ಯಾರಿಗೆ ಕೊಡಬೇಕು?

ಆ ಬರದ ಪಾಠದಿಂದಲೇ ನಮ್ಮ ಕಡೆ ರೈಲು ಬಂತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1880ರ ದಶಕ ಮುಗಿಯುವುದರೊಳಗೆ ಹುಬ್ಬಳ್ಳಿಯಿಂದ ನಮ್ಮ ಕುಂದಗೋಳದ ಮೇಲೆ ಹಾಯ್ದು ಹರಿಹರಕ್ಕೆ, ಅಲ್ಲಿಂದ ಬೆಂಗಳೂರಿಗೆ ಹಳಿ ಕೂಡಿತು. ಅದಕ್ಕಾಗಿ ಹೊಳೆಗೆ ರೈಲಿನದೇ ಬೇರೆ ಸೇತುವೆ ಆಯಿತು. ನಾವು ಸಣ್ಣವರಿದ್ದಾಗ ನೋಡಿದ ಮೀಟರ್ ಗೇಜ್ ಗಾಡಿ ಅದೇ ಹಾದಿಯದು. 1990ರ ದಶಕದಲ್ಲಿ ಅದು ಬ್ರಾಡ್ ಗೇಜ್ ಆಯಿತು.

ಸೇತುವೆ ಇತ್ತು, ಗೆರೆಯೂ ಇತ್ತು

ಈಗ ಮುಖ್ಯ ಮಾತಿಗೆ ಬರುತ್ತೇವೆ. ಸೇತುವೆಯಿಂದ ಎರಡು ದಂಡೆ ಕೂಡಿದವು. ಆದರೆ ಎರಡು ದಂಡೆಯ ಜನ ಕೂಡಲು 88 ವರ್ಷ ಬೇಕಾಯಿತು.

ಹೊಳೆಯ ಈಚೆ ಮುಂಬಯಿ ಪ್ರಾಂತ, ಆಚೆ ಮೈಸೂರು ಸಂಸ್ಥಾನ. ಅದೂ ಸಾಲದ್ದಕ್ಕೆ ನಮ್ಮ ಕುಂದಗೋಳ ಜಮಖಂಡಿ ಸಂಸ್ಥಾನದ್ದು, ಸವಣೂರು ನವಾಬರದು, ಶಿರಹಟ್ಟಿ ಸಾಂಗಲಿಯವರದು. ಕುಂದಗೋಳದಿಂದ ಹರಿಹರಕ್ಕೆ ನೂರು ಕಿಲೋಮೀಟರ್ ಚಿಲ್ಲರೆ ದಾರಿ. ನಾಲ್ಕೈದು ದಿನದ ಈ ಚಕ್ಕಡಿ ದಾರಿಯಲ್ಲಿ ಎಲ್ಲರೂ ಆಡುವುದು ಕನ್ನಡ, ಉಣ್ಣುವುದು ಜೋಳದ ರೊಟ್ಟಿ, ಆದರೆ ಕಾಯ್ದೆ ಬೇರೆ, ಕಚೇರಿ ಬೇರೆ, ದೊರೆ ಬೇರೆ.

ನಮ್ಮ ಅಜ್ಜಿ ಹರಿಹರದ ಹತ್ತಿರದ ಹಳ್ಳಿಯವರು. ಲಗ್ನವಾಗಿ ಸೇತುವೆ ದಾಟಿ ಚಕ್ಕಡಿಯಲ್ಲಿ ನಮ್ಮೂರಿಗೆ ಬಂದರು. ಊರವರು ಅವರಿಗೆ "ಮೈಸೂರು ಸೀಮಿಯಾಕಿ" ಎನ್ನುತ್ತಿದ್ದರಂತೆ. ಎರಡನೇ ಮಹಾಯುದ್ಧದ ಕಾಲಕ್ಕೆ ಕಾಳುಕಡಿಗೆ ಕಂಟ್ರೋಲು ಬಂತು. ಒಂದು ಪ್ರಾಂತದ ದವಸ ಇನ್ನೊಂದು ಪ್ರಾಂತಕ್ಕೆ ಒಯ್ಯುವಂತಿರಲಿಲ್ಲ. ಒಂದು ವರ್ಷ ನಮ್ಮಲ್ಲಿ ಬೆಳೆ ಹೋಗಿತ್ತು. ಅಜ್ಜಿ ಬಾಣಂತಿ. ತವರಿನಿಂದ ಅವರ ಅಣ್ಣ ಒಂದು ಚೀಲ ನೆಲ್ಲಕ್ಕಿ ಹೇರಿಕೊಂಡು ಹೊರಟರೆ, ನಾಕಾದವರು ತಡೆದು ಚೀಲ ಇಳಿಸಿಕೊಂಡರು. ಅವರು ಬರಿಗೈಯಲ್ಲಿ ನಮ್ಮೂರಿಗೆ ಬಂದು, ತಂಗಿಯ ಮುಂದೆ ಕೂತು ಕಣ್ಣೀರು ಹಾಕಿದರಂತೆ. "ಪೂಲು ಗಟ್ಟಿ ಐತವ್ವಾ, ಆನಿ ನಡದ್ರೂ ಅಲಗೂದಿಲ್ಲ. ಆದ್ರ ಒಂದು ಚೀಲ ಅಕ್ಕಿ ದಾಟಲಿಲ್ಲ" ಎಂದರಂತೆ. ಈ ಮಾತನ್ನು ಅಜ್ಜಿ ನಮಗೆ ಎಷ್ಟೋ ಸಲ ಹೇಳಿದ್ದಾರೆ.

ಇಂಥ ಗೆರೆ ಅಳಿಸುವ ಕೆಲಸಕ್ಕೆ ನಮ್ಮ ಧಾರವಾಡದವರೇ ಮೊದಲು ಕೈ ಹಾಕಿದರು. 1890ರಲ್ಲಿ ರಾ. ಹ. ದೇಶಪಾಂಡೆ ಮೊದಲಾದವರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಆಯಿತು. ಆಲೂರ ವೆಂಕಟರಾಯರು ಊರೂರು ತಿರುಗಿ ಕನ್ನಡಿಗರೆಲ್ಲ ಒಂದು ಎಂದು ಹೇಳಿದರು. ಸ್ವಾತಂತ್ರ್ಯ ಬಂದ ಮೇಲೂ ಏಕೀಕರಣ ಆಗಲಿಲ್ಲ. 1948ರಲ್ಲಿ ಸಂಸ್ಥಾನಗಳು ಹೋಗಿ ಕುಂದಗೋಳ ಮುಂಬಯಿ ಪ್ರಾಂತಕ್ಕೆ ಸೇರಿತು, ಅಷ್ಟೇ. ಆಗ 1953ರಲ್ಲಿ ನಮ್ಮ ಮಗ್ಗಲಿನ ಅದರಗುಂಚಿಯ ಶಂಕರಗೌಡ ಪಾಟೀಲರು ಕರ್ನಾಟಕ ಪ್ರಾಂತಕ್ಕಾಗಿ 23 ದಿನ ಉಪವಾಸ ಕೂತರು. ಅದೇ ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಜನ ಸಿಟ್ಟಿಗೆದ್ದರು. ದಿಲ್ಲಿಗೆ ಆ ಸುದ್ದಿ ಮುಟ್ಟಿತು. ಕಡೆಗೆ ಫಜಲ್ ಅಲಿ ಆಯೋಗದ ವರದಿ ಬಂದು, 1956ರ ನವೆಂಬರ್ 1ರಂದು ಹೊಳೆಯ ಎರಡೂ ದಂಡೆ ಒಂದೇ ರಾಜ್ಯ ಆದವು. 1973ರ ನವೆಂಬರ್ 1ರಂದು ಅದಕ್ಕೆ ಕರ್ನಾಟಕ ಎಂಬ ಹೆಸರು ಬಂತು.

ಆ ಸುದ್ದಿ ಊರಿಗೆ ಬಂದ ದಿನ ಅಜ್ಜ ಅಜ್ಜಿಗೆ, "ಇನ್ನ ಮ್ಯಾಲೆ ನೀ ಪರರಾಜ್ಯದಾಕಿ ಅಲ್ಲ ನೋಡು" ಎಂದರಂತೆ. ಅದಕ್ಕೆ ಅಜ್ಜಿ, "ನಾ ಯಾವಾಗ ಆಗಿದ್ದೆ? ಸರಕಾರದಾವರಿಗೆ ತಿಳಿಯಾಕ ಇಷ್ಟು ವರ್ಷ ಹಿಡೀತು" ಎಂದರಂತೆ.

ಸಹಕಾರ ಕ್ಷೇತ್ರಕ್ಕೂ ಇದರಿಂದ ಒಂದು ದೊಡ್ಡ ಉಪಕಾರ ಆಯಿತು. ನಮ್ಮ ದೇಶದಲ್ಲಿ ಸಹಕಾರ ಚಳವಳಿಯ ಮೊದಲ ಬೀಜ ಬಿದ್ದದ್ದು 1905ರಲ್ಲಿ, ಆಗಿನ ಧಾರವಾಡ ಜಿಲ್ಲೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಕೈಯಿಂದ. ಆದರೆ ಆಮೇಲೆ ಈಚೆ ದಂಡೆಯ ಸಂಘಗಳಿಗೆ ಮುಂಬಯಿಯ 1925ರ ಕಾಯ್ದೆ, ಆಚೆ ದಂಡೆಯ ಸಂಘಗಳಿಗೆ ಮೈಸೂರಿನ ಕಾಯ್ದೆ. ರಾಜ್ಯ ಒಂದಾದ ಮೇಲೆಯೇ 1959ರ ಸಹಕಾರ ಸಂಘಗಳ ಕಾಯ್ದೆ ಬಂದು ಎಲ್ಲರಿಗೂ ಒಂದೇ ಕಟ್ಟಳೆ ಆಯಿತು. ಇಂದು ನಮ್ಮ ಸಂಘ ನಡೆಯುವುದು ಅದೇ ಕಾಯ್ದೆಯ ಮೇಲೆ.

ಆಮೇಲಿನ ಮಾತು

ದಂಡೆಗಳ ಹೆಸರು ಬದಲಾಗುತ್ತಲೇ ಬಂದಿವೆ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆಗಿ ಹೆಸರುವಾಸಿಯಾಯಿತು, ಮುಂದೆ ಅದೂ ಮುಚ್ಚಿತು. ಈಚೆ ದಂಡೆಯ ಕುಮಾರಪಟ್ಟಣದಲ್ಲಿ 1972ರ ಸುಮಾರಿಗೆ ನಾರಿನ ಕಾರ್ಖಾನೆ ಬಂತು. 1997ರಲ್ಲಿ ನಮ್ಮ ಧಾರವಾಡ ಜಿಲ್ಲೆ ಮೂರು ಪಾಲಾಗಿ ರಾಣೆಬೆನ್ನೂರು ಹಾವೇರಿ ಜಿಲ್ಲೆಗೆ ಹೋಯಿತು. ಅದೇ ವರ್ಷ ಹರಿಹರ ಚಿತ್ರದುರ್ಗ ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿತು. ನಾಲ್ಕು ಪಥದ ಹೆದ್ದಾರಿ ಈಗ ಊರ ಹೊರಗಿನಿಂದಲೇ ಹೊಳೆ ದಾಟುತ್ತದೆ. ಅದರ ಮೇಲೆ ಓಡುವ ಗಾಡಿಯವರಿಗೆ ಕೆಳಗೆ ತುಂಗಭದ್ರೆ ಇದೆ ಎಂಬುದೂ ತಿಳಿಯುವುದಿಲ್ಲ.

ಆದರೆ ಸೇತುವೆ ಎಂದ ಮೇಲೆ ಜೋಪಾನ ಬೇಕೇ ಬೇಕು. 2024ರ ಆಗಸ್ಟ್ 7ರ ರಾತ್ರಿ ಕಾರವಾರದ ಹತ್ತಿರ ಕಾಳಿ ಹೊಳೆಯ ಹಳೇ ಸೇತುವೆ ಕುಸಿದು ಒಂದು ಲಾರಿ ನೀರಿಗೆ ಬಿತ್ತು. ಅದೃಷ್ಟಕ್ಕೆ ಡ್ರೈವರ್ ಉಳಿದ. ಆ ಸೇತುವೆಗೆ ಆಗಿದ್ದದ್ದು ಸುಮಾರು 40 ವರ್ಷ. ಕಟ್ಟಿದ ದಿನ ಹಾರ ಹಾಕಿ ಆಮೇಲೆ ತಿರುಗಿ ನೋಡದಿದ್ದರೆ ಸಿಮೆಂಟೂ ನಿಲ್ಲುವುದಿಲ್ಲ, ಕಬ್ಬಿಣವೂ ನಿಲ್ಲುವುದಿಲ್ಲ. ಸಂಘದ ಮಾತೂ ಇದೇ.

ನಮ್ಮ ಹಳ್ಳ, ನಮ್ಮ ಸಂಘ

ಈಗ ನಮ್ಮ ಹಳ್ಳಕ್ಕೆ ಬರೋಣ. ನಮ್ಮ ಹಳ್ಳಕ್ಕೆ ಇರುವುದು ತಗ್ಗಿನ ಸಣ್ಣ ಸೇತುವೆ. ಜೋರು ಮಳೆಯಾದರೆ ನೀರು ಮೇಲೆಯೇ ಹಾಯುತ್ತದೆ. 2019ರ ಆಗಸ್ಟ್ ಮಳೆಯಲ್ಲಿ ಬೆಣ್ಣಿಹಳ್ಳ ಹೇಗೆ ಬಂದಿತ್ತು ಎಂಬುದನ್ನು ಯಾರೂ ಮರೆತಿಲ್ಲ. ಆಗ ನಮ್ಮ ಹಳ್ಳದ ಸೇತುವೆಯ ಆಚೆ ಬದಿಯ ಮಣ್ಣು ಕೊಚ್ಚಿಹೋಗಿ ದಾರಿ ಬಂದ್ ಆಯಿತು. ಯೂರಿಯಾ ಈಚೆ ಗೋದಾಮಿನಲ್ಲಿ, ಹೊಲ ಆಚೆ. ಆಚೆಯ ಸದಸ್ಯರು ಸುತ್ತು ಹೊಡೆದು ಬಂದು ತಲುಪುವಷ್ಟರಲ್ಲಿ ಚೀಲ ಖಾಲಿ. ಅವರಿಗೆ ಸಿಟ್ಟು ಬಂದದ್ದು ತಪ್ಪು ಎಂದು ನಾವು ಹೇಳುವುದಿಲ್ಲ. ನಮ್ಮ ಅಜ್ಜಿಯ ಅಣ್ಣನ ಅಕ್ಕಿ ಚೀಲದ ಹಾಗೆಯೇ ಇದು. ಇಲ್ಲಿ ಚೀಲ ಇಳಿಸಿಕೊಂಡವರು ಯಾವ ಸರಕಾರದವರೂ ಅಲ್ಲ, ನಾವೇ. ಈಚೆಯ ನಾಲ್ಕು ಜನ ಡೈರೆಕ್ಟರುಗಳು "ಮೊದಲು ಬಂದವರಿಗೆ ಮೊದಲು" ಎಂದು ಹಂಚಿಬಿಟ್ಟೆವು. ಅದರಲ್ಲಿ ಈ ಲೇಖನ ಬರೆದ ನಾವೂ ಇದ್ದೆವು. ಇದನ್ನು ಎಲ್ಲರ ಮುಂದೆ ಒಪ್ಪಿಕೊಳ್ಳುತ್ತೇವೆ.

ಆದರೆ ಅದಕ್ಕೆ ಮದ್ದು ಬೇರೆಯಾಗುವುದಲ್ಲ. ಸಂಘ ಎರಡಾದರೆ ಶೇರು ಬಂಡವಾಳ ಎರಡು ಪಾಲು, ಕಾರ್ಯದರ್ಶಿಯ ಪಗಾರು ಎರಡು, ಗೋದಾಮು ಎರಡು, ಆಡಿಟ್ ಎರಡು. ಆಚೆ ಊರಿನಲ್ಲಿ ಮೆಣಸಿನಕಾಯಿ ಕೈಕೊಟ್ಟ ವರ್ಷ ಈಚೆ ಊರಿನ ಗೋವಿನಜೋಳದ ವಸೂಲಿ ಸಂಘ ಹಿಡಿದು ನಿಲ್ಲಿಸಿದೆ. ಈಚೆ ಬೆಳೆ ಹೋದ ವರ್ಷ ಆಚೆಯವರು ಬಾಕಿ ಕಟ್ಟಿ ನಮ್ಮನ್ನು ಉಳಿಸಿದ್ದಾರೆ. ಒಂದು ಕಮಾನು ಇನ್ನೊಂದಕ್ಕೆ ಒತ್ತು ಕೊಟ್ಟ ಹಾಗೆ ಇದು. ಒಂದನ್ನು ಕಿತ್ತರೆ ಇನ್ನೊಂದು ಎಷ್ಟು ದಿನ ನಿಂತೀತು?

ಆದ್ದರಿಂದ ಬರುವ ಮಹಾಸಭೆಯ ಮುಂದೆ ನಾವು ಮೂರು ಮಾತು ಇಡುತ್ತೇವೆ. ಒಂದು, ಮಿರಗ ಕೂಡುವ ಮೊದಲೇ ಆಚೆ ಊರಿನ ಸದಸ್ಯರ ಲೆಕ್ಕದ ಗೊಬ್ಬರ ಮತ್ತು ಬೀಜವನ್ನು ಹಳ್ಳದ ಆಚೆಗೆ ಸಾಗಿಸಿ ಬಾಡಿಗೆ ಗೋದಾಮಿನಲ್ಲಿ ಇಡಬೇಕು. ಎರಡು, ಮಹಾಸಭೆ ಒಂದು ವರ್ಷ ಈಚೆ, ಒಂದು ವರ್ಷ ಆಚೆ ಆಗಬೇಕು. ಮೂರು, ಎತ್ತರದ ಸೇತುವೆಗಾಗಿ ಎರಡೂ ಊರಿನವರು ಒಂದೇ ಅರ್ಜಿಗೆ ಸಹಿ ಹಾಕಿ ಕೂಡಿಯೇ ಹೋಗಿ ಕೇಳಬೇಕು. ಅರ್ಧ ಊರಿನ ಅರ್ಜಿಗೆ ಅರ್ಧ ಬೆಲೆ.

ಹರಿಹರದಲ್ಲಿ ಕಲ್ಲಿನ ಸೇತುವೆ ಮೊದಲು ಆಯಿತು, ಮನಸ್ಸಿನ ಸೇತುವೆ 88 ವರ್ಷ ತಡವಾಗಿ ಆಯಿತು. ನಮ್ಮಲ್ಲಿ ಮನಸ್ಸಿನ ಸೇತುವೆ 25 ವರ್ಷದ ಹಿಂದೆಯೇ ಹಿರಿಯರು ಕಟ್ಟಿಕೊಟ್ಟಿದ್ದಾರೆ. ಕಲ್ಲಿನದು ಇಂದಲ್ಲ ನಾಳೆ ಆದೀತು. ಇದ್ದದ್ದನ್ನು ಕೆಡವಿ ಕುಳಿತುಕೊಳ್ಳುವುದು ಬೇಡ. ಹುಡುಗರಿದ್ದಾಗ ನಾವು ಕಂಬ ಎಣಿಸಿ 13 ಎಂದು ಜಗಳ ಆಡಿದವರು. ಈಗ ವಯಸ್ಸಾಯಿತು, ಕಮಾನು ಎಣಿಸುವುದನ್ನು ಕಲಿತಿದ್ದೇವೆ.